ಏಳನೇ ತರಗತಿ ಮಕ್ಕಳು ಡರ್ಬನ್‌ನ ಮಕ್ಕಳ ಜೊತೆ ವರ್ಣಭೇದದ ಬಗ್ಗೆ ಆನ್‌ಲೈನ್‌ನಲ್ಲಿ ಮಾತಾಡಬೇಕು: ಹೇಗೆ ನಡೆಸುವುದು?

ಪ್ರಶ್ನೆ: ಸಮಾಜಪಾಠ_7

ಎಲ್ಲರಿಗೂ ನಮಸ್ಕಾರ. ನಮ್ಮದು ಹಳಿಯಾಳದ ಕಡೆಯ ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯಲ್ಲಿ 34 ಮಕ್ಕಳು, ಅವರಲ್ಲಿ ಐವರು ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು. ದಕ್ಷಿಣ ಆಫ್ರಿಕಾದ ಡರ್ಬನ್‌ನ ಒಂದು ಶಾಲೆಯ ಏಳನೇ ತರಗತಿಯ 28 ಮಕ್ಕಳ ಜೊತೆ ಎರಡು ತಿಂಗಳು ವರ್ಣಭೇದದ ಬಗ್ಗೆ ಮಾತುಕತೆ ನಡೆಸೋಣ ಅಂತ ಎರಡೂ ಕಡೆಯ ಶಿಕ್ಷಕರು ಒಪ್ಪಿದ್ದೇವೆ. ಅಮೆರಿಕದ ಷಿಕಾಗೋದ ಒಂದು ತರಗತಿಯೂ ಸೇರುತ್ತೇನೆ ಅನ್ನುತ್ತಿದೆ.

ನಮ್ಮಲ್ಲಿ ಇರುವುದು ಒಂದು ಲ್ಯಾಪ್‌ಟಾಪ್, ಸ್ಮಾರ್ಟ್ ಕ್ಲಾಸ್ ಟಿವಿ, ಫೋನಿನ ಹಾಟ್‌ಸ್ಪಾಟ್. ಇಂಗ್ಲಿಷ್ ಓದಬಲ್ಲವರು ಹತ್ತು ಮಂದಿ, ಧೈರ್ಯವಾಗಿ ಮಾತಾಡುವವರು ಮೂವರು. ಸಮಯ ಹೇಗೆ ಹೊಂದಿಸುವುದು? ಮಾತು ಎಲ್ಲಿಂದ ಶುರು ಮಾಡುವುದು? ಯಾವುದಾದರೂ ಮಗುವಿಗೆ ನೋವಾದರೆ ಏನು ಮಾಡಬೇಕು? ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಬ್ಬರು ಆಗಲೇ "ಊರ ವಿಷಯ ಹೊರದೇಶದವರಿಗೆ ಯಾಕೆ ಹೇಳಬೇಕು" ಅಂದಿದ್ದಾರೆ. ಹಂತ ಹಂತವಾಗಿ ತಿಳಿಸಿಕೊಡಿ.

ಉತ್ತರ 1: ತಂತಿ_ಮತ್ತು_ಗಡಿಯಾರ

ಮೇಡಂ, ಮೊದಲು ಗಡಿಯಾರದ ಲೆಕ್ಕ. ಡರ್ಬನ್ ನಮಗಿಂತ ಮೂರೂವರೆ ಗಂಟೆ ಹಿಂದಿದೆ. ನಮ್ಮಲ್ಲಿ ಮಧ್ಯಾಹ್ನ 2 ಆದಾಗ ಅಲ್ಲಿ ಬೆಳಿಗ್ಗೆ 10.30. ಬಿಸಿಯೂಟ ಮುಗಿದ ಮೇಲಿನ ನಿಮ್ಮ ಅವಧಿಗೂ ಅವರ ಬೆಳಗಿನ ಅವಧಿಗೂ ಸರಿಯಾಗಿ ಕೂಡಿಬರುತ್ತದೆ. ಎರಡೂ ದೇಶಗಳಲ್ಲಿ ಋತುವಿಗೆ ತಕ್ಕಂತೆ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಆದ್ದರಿಂದ ಒಮ್ಮೆ ಗೊತ್ತುಮಾಡಿದ ಸಮಯ ಬದಲಾಗುವುದಿಲ್ಲ.

ಷಿಕಾಗೋ ಹಾಗಲ್ಲ. ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ 8 ಅಂದರೆ ನಮಗೆ ಸಂಜೆ 7.30. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಮೇಲೆ 6.30. ಆ ಹೊತ್ತಿಗೆ ಹಳ್ಳಿ ಮಕ್ಕಳನ್ನು ಶಾಲೆಯಲ್ಲಿ ಕೂರಿಸುವ ಹಾಗಿಲ್ಲ. ಅವರು ಮುದ್ರಿಸಿದ ಧ್ವನಿ ಕಳಿಸಲಿ, ನೀವೂ ಕಳಿಸಿ, ಅಷ್ಟೇ ಇರಲಿ. ನಿಜ ಹೇಳಬೇಕೆಂದರೆ ಮೊದಲ ಸಲಕ್ಕೆ ಎರಡೇ ತರಗತಿ ಸಾಕು.

ಇನ್ನು ಶಾಲಾ ವರ್ಷ. ಅವರದು ಜನವರಿ ಮಧ್ಯದಲ್ಲಿ ತೆರೆಯುತ್ತದೆ, ನಿಮಗೆ ಮಾರ್ಚ್‌ನಲ್ಲಿ ಪರೀಕ್ಷೆ. ಜನವರಿ ಕೊನೆಯ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ಆರು ವಾರ ಸಿಗುತ್ತದೆ. ಎರಡು ತಿಂಗಳ ಯೋಜನೆಯನ್ನು ಆರು ವಾರಕ್ಕೆ ಇಳಿಸಿ.

ಮುಖ್ಯ ವಿಷಯ: ಮೊದಲ ದಿನವೇ ವಿಡಿಯೋ ಕರೆ ಇಡಬೇಡಿ. ಕರೆ ಶುರುವಾದ ಕೂಡಲೇ ಮಕ್ಕಳು ಕೈ ಬೀಸುತ್ತಾರೆ, ಹೆಸರು ಕೇಳುತ್ತಾರೆ, ಇಂಗ್ಲಿಷ್ ಬರುವ ಆ ಮೂವರು ಮಾತಾಡುತ್ತಾರೆ, ಸಮಯ ಮುಗಿಯುತ್ತದೆ. ಉಳಿದ 31 ಮಕ್ಕಳಿಗೆ ಅದು ಟಿವಿ ನೋಡಿದ ಹಾಗೆ. ಈ ಕೆಲಸದ ಭಾರ ಹೊರಬೇಕಾದ್ದು ಧ್ವನಿ ಸಂದೇಶ. ಆರು ಗುಂಪು ಮಾಡಿ, ಅವರೂ ಆರು ಮಾಡಲಿ. ಪ್ರತಿ ಗುಂಪಿಗೂ ಆ ಕಡೆ ಒಂದು ಜೋಡಿ ಗುಂಪು. ವಾರಕ್ಕೆ ಒಂದು ಗುಂಪಿನಿಂದ 90 ಸೆಕೆಂಡಿನ ಒಂದು ಸಂದೇಶ. ಎರಡೂ ಕಡೆಯದು ಸೇರಿ 12 ಸಂದೇಶ, ಒಟ್ಟು 18 ನಿಮಿಷ. ಇಷ್ಟನ್ನು ಒಬ್ಬ ಶಿಕ್ಷಕರು ಒಂದೇ ಕೂತಿಗೆ ಪೂರ್ತಿ ಕೇಳಬಹುದು. ಮೂರು ಮೂರು ನಿಮಿಷ ಬಿಟ್ಟರೆ 36 ನಿಮಿಷ ಆಗುತ್ತದೆ, ಆಗ ಅರ್ಧ ಕೇಳಿ ಮುಂದಕ್ಕೆ ಕಳಿಸಿಬಿಡುತ್ತಾರೆ. ತೊಂದರೆ ಶುರುವಾಗುವುದೇ ಹೀಗೆ ಕೇಳದೆ ಕಳಿಸಿದ ಸಂದೇಶದಿಂದ.

ನೇರ ಕರೆ ಎರಡೇ ಇರಲಿ, ನಾಲ್ಕನೇ ವಾರ ಒಂದು, ಆರನೇ ವಾರ ಒಂದು. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಮಕ್ಕಳ ಗಮನಕ್ಕೂ ಅಷ್ಟೇ ಸಾಕು. ವಿಡಿಯೋ ಗಂಟೆಗೆ ಸುಮಾರು ಒಂದು ಜಿಬಿ ತಿನ್ನುತ್ತದೆ, ಹಾಟ್‌ಸ್ಪಾಟ್ ಕೊಡುವ ಫೋನಿನಲ್ಲಿ ಆ ದಿನ ಎರಡು ಜಿಬಿ ಉಳಿದಿರಲಿ.

ಕರೆ ಕೆಡುವುದು ಚಿತ್ರದಿಂದಲ್ಲ, ಶಬ್ದದಿಂದ. ಟಿವಿಯ ಸ್ಪೀಕರ್‌ನಿಂದ ಬಂದ ಮಾತು ಲ್ಯಾಪ್‌ಟಾಪಿನ ಮೈಕಿಗೆ ಹೋಗಿ ಅವರಿಗೆ ಅವರದ್ದೇ ಮಾತು ಪ್ರತಿಧ್ವನಿಸುತ್ತದೆ. ನೀವು ಮಾತಾಡದಿರುವಾಗ ಮೈಕ್ ಮ್ಯೂಟ್ ಮಾಡುವುದನ್ನು ಒಬ್ಬ ಮಗುವಿಗೆ ಕೆಲಸವಾಗಿ ಕೊಡಿ. ತಂತಿಯಿರುವ ಒಂದು ಯುಎಸ್‌ಬಿ ಮೈಕ್ ತನ್ನಿ, ಅದರ ಮುಂದೆ ಒಂದು ಕುರ್ಚಿ ಹಾಕಿ, ಮಾತಾಡುವ ಮಗು ಬಂದು ಅಲ್ಲೇ ಕೂರಲಿ. ಬಾಯಿಗೂ ಮೈಕಿಗೂ ಒಂದು ಗೇಣು ದೂರ. ಫ್ಯಾನ್ ಆರಿಸಿ. ಅದೇ ಕೋಣೆಯಲ್ಲಿ ಎರಡನೇ ಫೋನಿನಿಂದ ಯಾರೂ ಕರೆಗೆ ಸೇರಬಾರದು, ಸೇರಿದರೆ ಕಿವಿ ಕೊರೆಯುವ ಕೀರಲು ಶುರುವಾಗುತ್ತದೆ. ಲೋಡ್‌ಶೆಡ್ಡಿಂಗ್ ಅಲ್ಲಿನವರಿಗೂ ಗೊತ್ತಿರುವ ಮಾತೇ. ಕರೆಂಟ್ ಹೋದರೆ ಅದೇ ದಿನ ಮುಂದುವರಿಸುವುದೋ ಮರುವಾರಕ್ಕೋ ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಉತ್ತರ 2: ಇತಿಹಾಸದ_ಹಾಳೆ

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ನಾನು ಮಾತಿನ ಒಳಗಿನ ವಿಷಯಕ್ಕೆ ಬರುತ್ತೇನೆ.

ಇಂಥ ಮಾತುಕತೆಗಳು ಹದಗೆಡುವ ಒಂದು ರೀತಿ ಹೀಗೆ: ನಮ್ಮ ಮಕ್ಕಳು "ನಿಮ್ಮ ದೇಶದಲ್ಲಿ ವರ್ಣಭೇದ ಇದೆಯೇ" ಅಂತ ಕೇಳುತ್ತಾರೆ. ಅವರು "ಇತ್ತು, 1994ರಲ್ಲಿ ಹೋಯಿತು" ಅನ್ನುತ್ತಾರೆ. ಅವರು ತಿರುಗಿ ಕೇಳುತ್ತಾರೆ. ನಮ್ಮವರು "ನಮ್ಮಲ್ಲಿ ಎಲ್ಲರೂ ಒಂದೇ" ಅನ್ನುತ್ತಾರೆ. ಹತ್ತೇ ನಿಮಿಷದಲ್ಲಿ ಎರಡೂ ಕಡೆ ಸುಳ್ಳು ಹೇಳಿ ಮುಗಿದಿರುತ್ತದೆ. "ಇದೆಯೇ" ಎಂಬ ಪ್ರಶ್ನೆ ಕೊಡಲೇಬೇಡಿ. ಕೈಯಲ್ಲಿ ಹಿಡಿಯುವ ವಸ್ತು ಕೊಡಿ.

ಮೊದಲ ವಾರ ಊರಿನ ಪರಿಚಯ, ಮನೆಯಲ್ಲಿ ಆಡುವ ಭಾಷೆ, ಊಟ. ಇದನ್ನು ಬೇಗ ಮುಗಿಸಿ. ಎರಡನೇ ವಾರ ಬಣ್ಣದ ಕಡ್ಡಿ. ಚಿತ್ರ ಬಿಡಿಸುವಾಗ ನಮ್ಮ ಮಕ್ಕಳು "ಸ್ಕಿನ್ ಕಲರ್ ಕೊಡೋ" ಅಂತ ಕೇಳುವುದು ತಿಳಿ ಗುಲಾಬಿಯ ಕಡ್ಡಿಯನ್ನು. ಆ ಕಡ್ಡಿಯನ್ನು ಪ್ರತಿ ಗುಂಪೂ ತಮ್ಮ ಮುಂಗೈ ಪಕ್ಕ ಇಟ್ಟು ನೋಡಲಿ. ಯಾರ ಕೈಗೂ ಅದು ಹೊಂದುವುದಿಲ್ಲ. ಹಾಗಿದ್ದರೆ ಅದಕ್ಕೆ ಚರ್ಮದ ಬಣ್ಣ ಅಂತ ಹೆಸರು ಬಂದದ್ದು ಹೇಗೆ? ಈ ಪ್ರಶ್ನೆಯನ್ನು ಜೋಡಿ ಗುಂಪಿಗೆ ಕಳಿಸಲಿ. ಅಮೆರಿಕದ ಕ್ರಯೋಲಾ ಕಂಪನಿ ತನ್ನ "ಫ್ಲೆಶ್" ಬಣ್ಣದ ಹೆಸರನ್ನು 1962ರಲ್ಲಿ "ಪೀಚ್" ಎಂದು ಬದಲಿಸಿತು, 2020ರಲ್ಲಿ 24 ಚರ್ಮದ ಬಣ್ಣಗಳ ಡಬ್ಬಿ ತಂದಿತು. ಅದೇ 2020ರಲ್ಲಿ ನಮ್ಮಲ್ಲಿ ಫೇರ್ ಅಂಡ್ ಲವ್ಲಿ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದರೆ ಏನು ಬದಲಾಗುತ್ತದೆ, ಏನು ಹಾಗೇ ಉಳಿಯುತ್ತದೆ ಎಂಬ ಚರ್ಚೆಗೆ ಹನ್ನೆರಡು ವರ್ಷದ ಮಕ್ಕಳು ಚೆನ್ನಾಗಿ ಇಳಿಯುತ್ತಾರೆ.

ಇದರ ಜೊತೆಗೇ ಮಾಡಬೇಕಾದ ಇನ್ನೊಂದು ಕೆಲಸವಿದೆ. "ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ" ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯಿರಿ. ಇದರಲ್ಲಿ ಯಾವ ಅಕ್ಷರ ತೆಗೆದರೆ ನೋವು ಹೋಗುತ್ತದೆ ಅಂತ ಕೇಳಿ. "ಇದ್ರೂ" ಎಂಬಲ್ಲಿನ ಆ "ಊ" ಸ್ವರವನ್ನು ಮಕ್ಕಳೇ ಹುಡುಕುತ್ತಾರೆ. ಹೊಗಳಿಕೆಯ ಒಳಗೆ ತಾರತಮ್ಯ ಹೇಗೆ ಕೂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಡರ್ಬನ್‌ನ ಮಕ್ಕಳು ತಮ್ಮ ಮನೆಭಾಷೆಯಲ್ಲಿ ಇಂಥ ವಾಕ್ಯ ಇದೆಯೇ ಎಂದು ಹುಡುಕಿ ಕಳಿಸಲಿ.

ಮೂರನೇ ವಾರ ಶಾಲೆ. ಅವರ ಕಡೆಯಿಂದ ಜೊಹಾನ್ಸ್‌ಬರ್ಗ್ ಬಳಿಯ ಕಪ್ಪುವರ್ಣೀಯರ ಬಡಾವಣೆ ಸೊವೆಟೊ: 1976ರ ಜೂನ್ 16ರಂದು ಶಾಲಾ ಮಕ್ಕಳು ಬೀದಿಗಿಳಿದದ್ದು ಗಣಿತ, ಸಮಾಜ ಪಾಠಗಳನ್ನು ಆಳುವ ಬಿಳಿಯರ ಭಾಷೆಯಾಗಿದ್ದ ಆಫ್ರಿಕಾನ್ಸ್‌ನಲ್ಲೇ ಕಲಿಯಬೇಕೆಂಬ ಹೇರಿಕೆಯ ವಿರುದ್ಧ. ಪೊಲೀಸರು ಗುಂಡು ಹಾರಿಸಿದರು. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಬಿಡಿಸಿ ಹೇಳದೆ ಅರ್ಥವಾಗುತ್ತದೆ. ನಮ್ಮ ಕಡೆಯಿಂದ ಅಂಬೇಡ್ಕರ್ ಅವರ ಬಾಲ್ಯ: ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು, ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು. ಐದನೇ ವಾರ ಇದೇ ನೀರಿನ ಎಳೆ ಹಿಡಿದು ಮುಂದುವರಿಸಿ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಮತ್ತು ದಲಿತರು ತಮಗೆ ನಿಷಿದ್ಧವಾಗಿದ್ದ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20. ಕಪ್ಪುವರ್ಣೀಯರು ಸದಾ ಪಾಸ್ ಪುಸ್ತಕ ಇಟ್ಟುಕೊಂಡಿರಬೇಕೆಂಬ ಕಾನೂನಿನ ವಿರುದ್ಧ ನಿಂತವರ ಮೇಲೆ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಗುಂಡು ಹಾರಿ, ಅಧಿಕೃತ ಲೆಕ್ಕದಂತೆ 69 ಜನ ಸತ್ತದ್ದು 1960ರ ಮಾರ್ಚ್ 21. ಕ್ಯಾಲೆಂಡರಿನಲ್ಲಿ ಅಕ್ಕಪಕ್ಕದ ಎರಡು ಮನೆ. ಮಾರ್ಚ್ 21 ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ದಿನ, ದಕ್ಷಿಣ ಆಫ್ರಿಕಾದಲ್ಲಿ ಅಂದು ರಜೆ. ಹಾಗಾಗಿ ಅದೇ ದಿನ ಕರೆ ಇಡುವ ಆಸೆ ಬಿಡಿ.

ಜಾತಿ ಮತ್ತು ಜನಾಂಗ ಒಂದೇನಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಸಂವಿಧಾನದ 15ನೇ ವಿಧಿ ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿ ಎರಡರ ಆಧಾರದ ತಾರತಮ್ಯವನ್ನೂ ನಿಷೇಧಿಸುತ್ತದೆ. ಜನಾಂಗೀಯ ತಾರತಮ್ಯದ ವಿರುದ್ಧದ 1965ರ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ಬಣ್ಣ, ಜನಾಂಗದ ಜೊತೆ "ವಂಶ" ಎಂಬ ಮಾತೂ ಇದೆ. ಜಾತಿಯೂ ಅದರೊಳಗೆ ಬರುತ್ತದೆ ಎಂದು ಆ ಒಡಂಬಡಿಕೆಯ ಸಮಿತಿ 2002ರಲ್ಲಿ ಹೇಳಿತು, ಭಾರತ ಸರ್ಕಾರ ಅದನ್ನು ಒಪ್ಪಿಲ್ಲ. ಇಷ್ಟನ್ನು ಇದ್ದ ಹಾಗೆ ಹೇಳಿ. ತೀರ್ಪನ್ನು ತರಗತಿಯಲ್ಲಿ ಕೊಡಬೇಕಾಗಿಲ್ಲ. ಜಾತಿಯ ಮಾತು ಬೇಡ, ಬಣ್ಣದ ಮಾತು ಸಾಕು ಅಂತ ಬಾಗಿಲು ಹಾಕುವುದಂತೂ ಕೂಡದು. ಹಾಗೆ ಮಾಡಿದರೆ ನಮ್ಮ ಮಕ್ಕಳು ಬೇರೆಯವರ ಗಾಯ ನೋಡಲು ಬಂದ ಪ್ರೇಕ್ಷಕರಾಗಿಬಿಡುತ್ತಾರೆ.

ಒಂದು ಎಚ್ಚರಿಕೆ. "ಇವತ್ತು ನೀಲಿ ಪಟ್ಟಿಯವರು ಮೇಲು, ಕೆಂಪು ಪಟ್ಟಿಯವರು ಕೀಳು" ಎಂಬ ಆಟ ಆಡಿಸಬೇಡಿ. 1968ರಲ್ಲಿ ಅಮೆರಿಕದ ಅಯೋವಾದಲ್ಲಿ ಜೇನ್ ಎಲಿಯಟ್ ಎಂಬ ಶಿಕ್ಷಕಿ ಕಣ್ಣಿನ ಬಣ್ಣ ಹಿಡಿದು ಮಾಡಿಸಿದ ಪ್ರಯೋಗ ಜಗತ್ತಿಗೆಲ್ಲ ಗೊತ್ತು, ಅದರ ಮೇಲಿನ ವಾದ ಇನ್ನೂ ಮುಗಿದಿಲ್ಲ. ದಿನವೂ ಅವಮಾನ ಉಣ್ಣುವ ಮಗು ಇರುವ ತರಗತಿಯಲ್ಲಿ ಅವಮಾನದ ನಾಟಕ ಬೇಡ.

ಸಮಾಜಪಾಠ_7

ತುಂಬಾ ಧನ್ಯವಾದ. ಒಂದು ಸಂಕೋಚ ಇದೆ. ಸಿದ್ದಿ ಮಕ್ಕಳ ವಿಷಯ ಕೇಳಿ ಡರ್ಬನ್‌ನ ಶಿಕ್ಷಕಿ ಬಹಳ ಸಂತೋಷಪಟ್ಟರು. ಆ ಐವರನ್ನು ಮೊದಲ ಕರೆಯಲ್ಲೇ ಮುಂದೆ ಕೂರಿಸಿ ಪರಿಚಯ ಮಾಡಿಸಿ ಅಂದಿದ್ದಾರೆ. ಸರಿಯಾ?

ಉತ್ತರ 3: ಇತಿಹಾಸದ_ಹಾಳೆ

ಬೇಡ ಮೇಡಂ. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಮಕ್ಕಳನ್ನು ಪ್ರದರ್ಶನಕ್ಕೆ ಇಟ್ಟ ಹಾಗಾಗುತ್ತದೆ. ಹಳಿಯಾಳದ ಮಕ್ಕಳನ್ನು "ನೀನು ಆಫ್ರಿಕಾದವನಾ" ಅಂತ ಕೇಳುವವರು ಊರಲ್ಲೇ ಸಾಕಷ್ಟಿದ್ದಾರೆ, ಅದೇ ಪ್ರಶ್ನೆ ಪರದೆಯಿಂದಲೂ ಬರುವುದು ಬೇಡ. ಐವರನ್ನೂ ಒಂದೇ ಗುಂಪಿಗೆ ಹಾಕಬೇಡಿ. ಹಾಗಂತ ಒಂದು ಗುಂಪಿಗೆ ಒಬ್ಬರಂತೆ ಚದುರಿಸಿದರೆ ಒಂಟಿಯಾಗುತ್ತಾರೆ. ಎರಡು ಮತ್ತು ಮೂರು ಅಂತ ಎರಡು ಗುಂಪಿನಲ್ಲಿರಲಿ. ಸಿದ್ದಿಗಳ ಇತಿಹಾಸವನ್ನು ನೀವೇ ಇಡೀ ತರಗತಿಗೆ ಪಾಠವಾಗಿ ಹೇಳಿ: ಪೋರ್ಚುಗೀಸರ ಕಾಲದಲ್ಲಿ ಗೋವಾದ ದಾರಿಯಲ್ಲಿ ಅನೇಕರನ್ನು ಗುಲಾಮರಾಗಿ ತಂದದ್ದು, ತಪ್ಪಿಸಿಕೊಂಡು ಬಂದವರು ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡು ಸೇರಿದ್ದು, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು. ತಮ್ಮ ಮಾತು ಸೇರಿಸುವುದೋ ಬೇಡವೋ ಆ ಮಕ್ಕಳಿಗೇ ಬಿಟ್ಟದ್ದು.

ಡರ್ಬನ್ ಬಗ್ಗೆಯೂ ತಿಳಿದಿರಲಿ. ಕಬ್ಬಿನ ತೋಟಗಳಿಗೆ ಜೀತದ ಕರಾರಿನ ಮೇಲೆ ಭಾರತೀಯರನ್ನು ಹೊತ್ತ ಮೊದಲ ಹಡಗು ಮದ್ರಾಸಿನಿಂದ ಅಲ್ಲಿಗೆ ತಲುಪಿದ್ದು 1860ರ ನವೆಂಬರ್ 16. ಆ ತರಗತಿಯಲ್ಲಿ ನಾಯ್ಡೂ, ಪಿಳ್ಳೆ, ಗೊವೆಂಡರ್ ಎಂಬ ಹೆಸರಿನ ಮಕ್ಕಳಿರಬಹುದು, ಅಲ್ಲಿನ ಆಫ್ರಿಕನ್ ಸಮುದಾಯವಾದ ಜುಲು ಮಕ್ಕಳೂ ಇರಬಹುದು. ನಮ್ಮ ಮಕ್ಕಳು ಮೊದಲನೆಯವರನ್ನು "ನಮ್ಮವರು" ಅಂತ ಹಿಡಿದುಕೊಂಡರೆ ಕೆಲಸ ಕೆಟ್ಟಿತು. 1949ರ ಜನವರಿಯಲ್ಲಿ ಆ ಊರಿನಲ್ಲೇ ಆಫ್ರಿಕನ್ನರು ಮತ್ತು ಭಾರತೀಯ ಮೂಲದವರ ನಡುವೆ ದೊಡ್ಡ ಗಲಭೆಯಾಗಿತ್ತು. ಗುಂಪು ಜೋಡಿಸುವಾಗ ಇಬ್ಬರೂ ಶಿಕ್ಷಕರು ಕೂತು ಜೋಡಿಸಿ, ಚೀಟಿ ಎತ್ತಬೇಡಿ.

ಉತ್ತರ 4: ಮಾತಿನ_ಗಂಟು

ಭಾಷೆಯ ಬಗ್ಗೆ. ಮಕ್ಕಳು ಕನ್ನಡದಲ್ಲೇ ಮಾತಾಡಲಿ. ಯೋಚನೆ ಬರುವುದು ಕನ್ನಡದಲ್ಲಿ, ಇಂಗ್ಲಿಷ್‌ಗೆ ತಿರುಗಿಸುವಾಗ ಅರ್ಧ ಉದುರಿಹೋಗುತ್ತದೆ. 90 ಸೆಕೆಂಡಿನ ಧ್ವನಿಯ ಜೊತೆ ಆರೇಳು ಸಾಲಿನ ಇಂಗ್ಲಿಷ್ ಚೀಟಿ ಹೋಗಲಿ, ಗುಂಪಿಗೆ ಒಬ್ಬ ಬರಹಗಾರ. ಡರ್ಬನ್‌ನ ಬಹಳ ಮಕ್ಕಳಿಗೂ ಇಂಗ್ಲಿಷ್ ಮನೆಮಾತಲ್ಲ. ಇದು ನಮ್ಮ ಮಕ್ಕಳಿಗೆ ಮೊದಲೇ ಗೊತ್ತಾದರೆ ಹೆದರಿಕೆ ಇಳಿಯುತ್ತದೆ.

ಗೂಗಲ್ ಅನುವಾದ ಬಳಸಬಹುದು, ಆದರೆ ಕೆಲವು ಪದಗಳಲ್ಲಿ ಕಾಲು ಜಾರುತ್ತದೆ. ಮೊದಲನೆಯದು "ಜನಾಂಗ". ಪುಸ್ತಕದಲ್ಲಿ ಅದಕ್ಕೆ ರೇಸ್ ಎಂಬ ಅರ್ಥ. ಊರಲ್ಲಿ "ನಮ್ಮ ಜನಾಂಗದವರು" ಅಂದರೆ ನಮ್ಮ ಜಾತಿಯವರು. ಯಂತ್ರ ಅದನ್ನು ರೇಸ್ ಅಂತಲೇ ಬರೆದುಬಿಡುತ್ತದೆ. ಓದಿದ ಮಗುವಿಗೆ ಈ ಹಳ್ಳಿಯಲ್ಲಿ ಹತ್ತು ರೇಸ್ ಇವೆ ಅನಿಸುತ್ತದೆ. ಎರಡನೆಯದು "ವರ್ಣ": ಬಣ್ಣವೂ ಹೌದು, ಚಾತುರ್ವರ್ಣ್ಯದ ವರ್ಣವೂ ಹೌದು. ವರ್ಣಭೇದ ಎಂಬ ನಮ್ಮ ಪದದೊಳಗೆ ಎರಡೂ ಕೂತಿರುವುದನ್ನು ಆ ಮಕ್ಕಳಿಗೆ ವಿವರಿಸಲು ನಿಮ್ಮ ಮಕ್ಕಳಿಗೆ ಹೇಳಿ. ಒಂದಿಡೀ ಸಂದೇಶಕ್ಕೆ ಸಾಕಾಗುವಷ್ಟು ವಿಷಯ ಅದು.

"ನೀಗ್ರೋ" ಎಂಬ ಪದ ಹಳೆಯ ಕನ್ನಡ ಪುಸ್ತಕಗಳಲ್ಲಿ ಧಾರಾಳವಾಗಿದೆ, ಗ್ರಂಥಾಲಯದಿಂದ ಓದಿಕೊಂಡು ಬಂದ ಮಗು ಕೆಟ್ಟ ಯೋಚನೆಯಿಲ್ಲದೆ ಹೇಳಿಬಿಡುತ್ತದೆ. ಈಗ ಅದನ್ನು ಬಳಸುವುದಿಲ್ಲ, ಕಪ್ಪುವರ್ಣೀಯರು ಅನ್ನೋಣ ಅಂತ ಮೊದಲ ವಾರವೇ ಕಲಿಸಿ. "ಕಲರ್ಡ್" ಪದ ಅಮೆರಿಕದಲ್ಲಿ ಅವಮಾನ. ದಕ್ಷಿಣ ಆಫ್ರಿಕಾದಲ್ಲಿ ಅದು ಮಿಶ್ರ ಮೂಲದ ಒಂದು ಸಮುದಾಯದ ಹೆಸರು, ಬಹಳ ಜನ ತಮ್ಮನ್ನು ಹಾಗೆಯೇ ಕರೆದುಕೊಳ್ಳುತ್ತಾರೆ. ಷಿಕಾಗೋ ತರಗತಿ ಸೇರಿದರೆ ಇದೊಂದೇ ಪದಕ್ಕೆ ಜಗಳವಾಗಬಹುದು. ಇನ್ನು ತರಗತಿಯ ಅಡ್ಡಹೆಸರುಗಳು: "ಕರಿಯ", "ಕರಿಯಪ್ಪ" ಎಂದು ಗೆಳೆಯನನ್ನು ಕೂಗುವುದು ಧ್ವನಿ ಸಂದೇಶದ ಹಿನ್ನೆಲೆಯಲ್ಲಿ ಕೇಳಿಸಿದರೆ, ಅನುವಾದವಾಗಿ ಕಾಗದದ ಮೇಲೆ ಇಳಿದಾಗ ಅದು ಅಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ಅಳಿಸಿ ಕಳಿಸುವ ಬದಲು ತರಗತಿಯಲ್ಲೇ ಅದರ ಬಗ್ಗೆ ಮಾತಾಡಿ, ಆಮೇಲೆ ಹೊಸದಾಗಿ ಮುದ್ರಿಸಿ.

ಹದಿನೈದು ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಹೆಚ್ಚು ಬೇಡ.

ಉತ್ತರ 5: ಮಕ್ಕಳ_ಪರ

ರಕ್ಷಣೆಯ ವಿಷಯ ಯಾರೂ ಎತ್ತಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರ ಒಳಗಿನವರೆಲ್ಲ ಮಕ್ಕಳು, ಪಾಲಕರ ಒಪ್ಪಿಗೆ ಬೇಕು. ದಕ್ಷಿಣ ಆಫ್ರಿಕಾದಲ್ಲೂ ಮಿತಿ 18. ಒಪ್ಪಿಗೆ ಪತ್ರ ಕನ್ನಡದಲ್ಲಿ, ಒಂದೇ ಪುಟ. ಧ್ವನಿ, ಚಿತ್ರ, ಹೆಸರು: ಮೂರಕ್ಕೂ ಬೇರೆ ಬೇರೆ ಸಹಿ. ಧ್ವನಿಗೆ ಒಪ್ಪಿ ಚಿತ್ರ ಬೇಡ ಅನ್ನುವ ಅವಕಾಶ ಇರಬೇಕು. ಮುದ್ರಿಸಿದ್ದು ಎಲ್ಲಿರುತ್ತದೆ, ಯಾರು ಕೇಳುತ್ತಾರೆ, ಯಾವ ತಾರೀಖಿಗೆ ಅಳಿಸುತ್ತೀರಿ ಅಂತ ಬರೆಯಿರಿ. ಓದಲು ಬಾರದ ಪಾಲಕರಿಗೆ ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಳ್ಳಿ. ಒಪ್ಪದವರ ಮಗು ಸುಮ್ಮನೆ ಹೊರಗೆ ಕೂರಬಾರದು. ಗುಂಪಿನ ಬರಹಗಾರ, ಸಮಯ ನೋಡುವವ, ಚಿತ್ರ ಬಿಡಿಸುವವ, ಇಂಥ ಕೆಲಸ ಅದಕ್ಕಿರಲಿ.

ಮಕ್ಕಳ ನಡುವೆ ವಾಟ್ಸಾಪ್ ಗುಂಪು ಬೇಡವೇ ಬೇಡ. ಫೋನ್ ನಂಬರ್, ಇನ್‌ಸ್ಟಾಗ್ರಾಮ್ ಹೆಸರು ಹಂಚಿಕೊಳ್ಳುವಂತಿಲ್ಲ. ಎಲ್ಲವೂ ಶಿಕ್ಷಕರಿಂದ ಶಿಕ್ಷಕರಿಗೆ. ಬಂದ ಸಂದೇಶವನ್ನು 24 ಗಂಟೆ ಹಿಡಿದಿಟ್ಟು, ಕೇಳಿ, ಆಮೇಲೆ ತರಗತಿಗೆ.

"ನಿನಗೆ ಯಾವಾಗ ಅವಮಾನವಾಗಿದೆ" ಎಂಬ ಪ್ರಶ್ನೆ ಎರಡೂ ಕಡೆ ನಿಷೇಧ. "ನೋಡಿದ್ದು, ಕೇಳಿದ್ದು ಹೇಳಿ" ಅಂದರೆ ಸಾಕು, ಹೇಳಬೇಕೆಂದಿರುವ ಮಗು ತಾನಾಗಿ ತನ್ನದನ್ನು ಹೇಳುತ್ತದೆ. "ನಾನು ಈಗ ಹೇಳುವುದಿಲ್ಲ" ಎನ್ನುವ ಹಕ್ಕು ಎಲ್ಲರಿಗೂ, ಕಾರಣ ಕೇಳುವಂತಿಲ್ಲ.

ಯಾರಾದರೂ ನೋಯಿಸುವ ಮಾತಾಡಿದರೆ: ನೇರ ಕರೆಯಲ್ಲಾದರೆ ಶಿಕ್ಷಕರು ತಕ್ಷಣ ತಡೆದು "ಈ ಮಾತು ನೋಯಿಸುತ್ತದೆ, ನಿಲ್ಲಿಸೋಣ" ಅನ್ನಬೇಕು. ಆಡಿದವನನ್ನು ಕ್ಯಾಮೆರಾ ಮುಂದೆ ಬೈಯಬೇಡಿ. ನೊಂದ ಮಗುವಿನ ಬಳಿ ಮೊದಲು ಹೋಗಿ, ಆಡಿದ ಮಗುವಿನ ಬಳಿ ಆಮೇಲೆ. ಅದೇ ದಿನ ಇನ್ನೊಬ್ಬ ಶಿಕ್ಷಕರಿಗೆ ತಿಳಿಸಿ. ಕ್ಷಮೆಯನ್ನು ಕೂಡಲೇ ಹೇಳಿಸುವ ಆತುರ ಬೇಡ, ಬಾಯಿಪಾಠದ ಕ್ಷಮೆಯಿಂದ ನೊಂದವರಿಗೆ ಏನೂ ಸಿಗುವುದಿಲ್ಲ.

ಇನ್ನೊಂದು ಸಂದರ್ಭ ಇದಕ್ಕಿಂತ ಗಂಭೀರ. ಮಾತಿನ ನಡುವೆ ಒಂದು ಮಗು, ಊಟಕ್ಕೆ ತನ್ನನ್ನು ಬೇರೆ ಸಾಲಿನಲ್ಲಿ ಕೂರಿಸುತ್ತಾರೆ ಅಥವಾ ಹೋಟೆಲಿನಲ್ಲಿ ತನಗೆ ಬೇರೆ ಲೋಟ ಇದೆ ಅಂತ ಹೇಳಿಬಿಡಬಹುದು. ಅದು ಚರ್ಚೆಯ ಸಾಮಗ್ರಿ ಅಲ್ಲ, ದೂರು. ಆ ಧ್ವನಿಮುದ್ರಣ ಹೊರಗೆ ಕಳಿಸಬೇಡಿ. ಮಗು ಹೇಳಿದ್ದನ್ನು ಅದರದ್ದೇ ಮಾತಿನಲ್ಲಿ ಬರೆದಿಟ್ಟು ಮುಖ್ಯ ಶಿಕ್ಷಕರಿಗೆ ಕೊಡಿ. ಅಸ್ಪೃಶ್ಯತೆ 17ನೇ ವಿಧಿಯಿಂದ ನಿಷೇಧ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಶಾಲೆಯೊಳಗೇ ಪರಿಹಾರ ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098.

ಉತ್ತರ 6: ಧಾರವಾಡ_ಪೇಡೆ

ಎಸ್‌ಡಿಎಂಸಿ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ರಿ ಮೇಡಂ. ಸಭಾ ಕರದು ಅವರಿಗೆ ಭಾಷಣ ಮಾಡಬ್ಯಾಡ್ರಿ. ಎರಡನೇ ವಾರದ ಪಾಠ, ಆ ಬಣ್ಣದ ಕಡ್ಡೀದು, ಅವರ ಮುಂದನ ಮಾಡಿ ತೋರಸ್ರಿ. ಅವರ ಕೈನೂ ಇಡಸ್ರಿ. ಊರ ಹೆಸರು, ಮನಿತನದ ಹೆಸರು ಯಾವ ಸಂದೇಶದಾಗೂ ಬರೂದಿಲ್ಲ ಅಂತ ಬರದು ಕೊಡ್ರಿ. ಕಳಸೂಕಿಂತ ಮೊದ್ಲ ಕೇಳಬೇಕು ಅನ್ನೋ ಪಾಲಕರಿಗೆ ಶನಿವಾರ ಶಾಲಿಗೆ ಬಂದು ಕೇಳೂ ಅವಕಾಶ ಕೊಡ್ರಿ. ಮುಚ್ಚಿಟ್ಟು ಮಾಡಿದ್ರ ಸಂಶಯ ಬೆಳೀತದ.

ಸಮಾಜಪಾಠ_7

ಎಲ್ಲರಿಗೂ ಮನಸಾರೆ ವಂದನೆ. ಶನಿವಾರದ ಸಭೆಗೆ ಬಣ್ಣದ ಡಬ್ಬಿ ಒಯ್ಯುತ್ತೇನೆ. ಆರು ಗುಂಪಿಗೆ ಆರು ಡಬ್ಬಿ ಬೇಕಾ? ಫೋಟೊ ಹೇಗೆ ತೆಗೆಯಬೇಕು?

ಉತ್ತರ 7: ಇತಿಹಾಸದ_ಹಾಳೆ

ಮೂರು ಡಬ್ಬಿ ಸಾಕು, ಆದರೆ ಮೂರೂ ಬೇರೆ ಬೇರೆ ಕಂಪನಿಯದ್ದಿರಲಿ. ಒಂದೊಂದರಲ್ಲಿ ಆ ಕಡ್ಡಿಗೆ ಒಂದೊಂದು ಹೆಸರಿರಬಹುದು, ಅದನ್ನೇ ಹೋಲಿಸಬೇಕು. ಫೋಟೊವನ್ನು ಹೊರಗಿನ ಬೆಳಕಿನಲ್ಲಿ, ನೆರಳಿರುವ ಕಡೆ ತೆಗೆಯಿರಿ. ಟ್ಯೂಬ್‌ಲೈಟಿನಲ್ಲಿ ಕೈಯ ನಿಜವಾದ ಬಣ್ಣ ಸರಿಯಾಗಿ ಬರುವುದಿಲ್ಲ. ಫೋನಿನ ಬ್ಯೂಟಿ ಮೋಡ್ ಆರಿಸುವುದು ಮರೆಯಬೇಡಿ, ಹಲವು ಫೋನುಗಳಲ್ಲಿ ಅದು ತಾನಾಗಿಯೇ ಚರ್ಮ ಬೆಳ್ಳಗೆ ಮಾಡುತ್ತದೆ. ಅದನ್ನೂ ಮಕ್ಕಳಿಗೆ ಒಮ್ಮೆ ಹಾಕಿ, ಒಮ್ಮೆ ಆರಿಸಿ ತೋರಿಸಿ. ಚಿತ್ರದಲ್ಲಿ ಕೈ, ಕಡ್ಡಿ, ಕಡ್ಡಿಯ ಮೇಲಿನ ಹೆಸರು ಕಾಣಿಸಲಿ. ಮುಖ ಬೇಡ.